ಹನ್ನೊಂದರ ಒಂಟಿತನ ಬೇರೆ, ಹದಿನೇಳರದು ಬೇರೆ: ಹದಿಹರೆಯದ ಮಕ್ಕಳ ಅಪ್ಪ-ಅಮ್ಮನಿಗೆ

"ಮಗಳು ಸ್ಕೂಲಿಂದ ಬಂದವಳೇ ರೂಮು ಸೇರಿ ಬಾಗಿಲು ಹಾಕಿಕೊಳ್ಳುತ್ತಾಳೆ. ಕೇಳಿದರೆ ಏನಿಲ್ಲ ಅನ್ನುತ್ತಾಳೆ. ಏನು ಮಾಡಲಿ?"

ಈ ಪ್ರಶ್ನೆ ನನಗೆ ಬರದ ತಿಂಗಳಿಲ್ಲ. ಕೇಳುವವರ ಊರು ಬದಲಾಗುತ್ತದೆ, ಮಗಳ ಜಾಗಕ್ಕೆ ಮಗ ಬರುತ್ತಾನೆ, ಪ್ರಶ್ನೆ ಮಾತ್ರ ಅದೇ. ನಾನು ತಿರುಗಿ ಮೊದಲು ಕೇಳುವುದೂ ಒಂದೇ: ವಯಸ್ಸೆಷ್ಟು? ಎಷ್ಟೋ ಜನಕ್ಕೆ ಇದು ಬೇಡದ ವಿಚಾರಣೆ ಅನಿಸುತ್ತದೆ. ಆದರೆ 11 ವರ್ಷದ ಮಗುವಿಗೆ ಹಿಡಿಸಿದ ಮದ್ದು 17ಕ್ಕೆ ಹಿಡಿಸುವುದಿಲ್ಲ. ಕೆಲವೊಮ್ಮೆ ಉಲ್ಟಾ ಹೊಡೆಯುತ್ತದೆ. ಅದಕ್ಕೇ ಈ ಸಲ ಒಬ್ಬೊಬ್ಬರಿಗೆ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಒಂಟಿತನ ಅಂದರೆ ನಮಗೆ ಮಕ್ಕಳೆಲ್ಲ ಅಮೆರಿಕಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿದ ಅಜ್ಜ-ಅಜ್ಜಿ ನೆನಪಾಗುತ್ತಾರೆ. 2025ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ವರದಿ ಬೇರೆಯದೇ ಹೇಳುತ್ತದೆ. ಜಗತ್ತಿನ 6 ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. 13ರಿಂದ 29 ವರ್ಷದವರಲ್ಲಿ ನೂರಕ್ಕೆ 17ರಿಂದ 21 ಮಂದಿ ಹೌದು ಅಂದಿದ್ದಾರೆ, ಅದರಲ್ಲೂ ಹದಿಹರೆಯದವರೇ ಜಾಸ್ತಿ. ಅಂದರೆ ನಿಮ್ಮ ಮನೆಯಲ್ಲಿ ಮಾತ್ರ ಏನೋ ಎಡವಟ್ಟಾಗಿದೆ ಅಂತ ಕುಗ್ಗಬೇಡಿ.

ಶುರು ಮಾಡುವ ಮೊದಲು ಏನು ಬೇಕು

ಎರಡು ವಾರ ಬೇಕು. ಒಂದು ಸಣ್ಣ ನೋಟ್‌ಬುಕ್ ಬೇಕು, ಅದು ಮಗುವಿನ ಕೈಗೆ ಸಿಗದ ಜಾಗದಲ್ಲಿರಲಿ. ಸುಮ್ಮನಿರುವ ಅಭ್ಯಾಸ ಬೇಕು, ಕಷ್ಟದ ಕೆಲಸ ಇದೇ. ಮನೆಯಲ್ಲಿ ಇಬ್ಬರಿದ್ದರೆ ಯಾರು ಮಾತಾಡುವುದು ಅಂತ ಮೊದಲೇ ಮಾತಾಡಿಕೊಳ್ಳಿ. ಸಂಜೆ ಅಮ್ಮ ಕೇಳಿ, ರಾತ್ರಿ ಅಪ್ಪ ಕೇಳಿ, ಭಾನುವಾರ ಅತ್ತೆ ಫೋನ್ ಮಾಡಿ ಕೇಳಿದರೆ ಅದು ಪೊಲೀಸ್ ವಿಚಾರಣೆ ಆಗುತ್ತದೆ.

ಹಂತ 1: ಒಂಟಿತನವೋ, ಏಕಾಂತವೋ?

ಕನ್ನಡದಲ್ಲಿ ಇದಕ್ಕೆ ಎರಡು ಬೇರೆ ಪದಗಳೇ ಇವೆ, ನಮ್ಮ ಪುಣ್ಯ. ಏಕಾಂತವನ್ನು ನಾವು ಹುಡುಕಿಕೊಂಡು ಹೋಗುತ್ತೇವೆ. ಒಂಟಿತನ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ಬಾಗಿಲು ಹಾಕಿಕೊಂಡ ರೂಮಿನ ಹೊರಗೆ ನಿಂತವರಿಗೆ ಎರಡೂ ಒಂದೇ ಥರ ಕಾಣುತ್ತವೆ. ತಪ್ಪು ಇಲ್ಲೇ ಶುರುವಾಗುತ್ತದೆ.

ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾಲಯದ ಸಂಶೋಧಕರು 1987ರಲ್ಲಿ ಮಕ್ಕಳಿಗಾಗಿಯೇ ಒಂದು ಪ್ರಶ್ನಾವಳಿ ಮಾಡಿದರು. ಅದರಲ್ಲಿ ಅವರು ನಾಲ್ಕು ವಿಷಯಗಳನ್ನು ಬೇರೆ ಬೇರೆ ಅಳೆದರು: ಅಪ್ಪ-ಅಮ್ಮನ ವಿಷಯದಲ್ಲಿ ಒಂಟಿತನ, ಓರಗೆಯವರ ವಿಷಯದಲ್ಲಿ ಒಂಟಿತನ, ಒಬ್ಬರೇ ಇರುವುದೆಂದರೆ ಆಗದಿರುವುದು, ಒಬ್ಬರೇ ಇರುವುದು ಇಷ್ಟವಾಗುವುದು. ಹದಿಹರೆಯ ಮುಂದುವರಿದಂತೆ ಕೊನೆಯದು ಏರುತ್ತದೆ, ಮೂರನೆಯದು ಇಳಿಯುತ್ತದೆ. 10 ವರ್ಷಕ್ಕೆ ಒಬ್ಬಳೇ ಮನೆಯಲ್ಲಿರಲು ಅಳುತ್ತಿದ್ದವಳು 15ಕ್ಕೆ "ನೀವೆಲ್ಲ ಮದುವೆಗೆ ಹೋಗಿ ಬನ್ನಿ, ನಾನು ಬರಲ್ಲ" ಅಂದರೆ ಅದು ಬೆಳವಣಿಗೆ. ಕಾಯಿಲೆ ಅಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಅಮೆರಿಕದ ರೀಡ್ ಲಾರ್ಸನ್ ಎಂಬ ಸಂಶೋಧಕ 5ರಿಂದ 9ನೇ ತರಗತಿಯ ಮಕ್ಕಳ ಕೈಗೆ ಬೀಪರ್ ಕೊಟ್ಟು, ಅದು ಸದ್ದು ಮಾಡಿದಾಗಲೆಲ್ಲ ಈಗ ಯಾರ ಜೊತೆಗಿದ್ದೀ, ಮನಸ್ಸು ಹೇಗಿದೆ ಅಂತ ಬರೆಸಿಕೊಂಡರು. 1997ರಲ್ಲಿ ಬಂದ ಆ ಅಧ್ಯಯನದಲ್ಲಿ ಒಂದು ಉಪಯೋಗದ ಸಂಗತಿ ಇದೆ. 7ರಿಂದ 9ನೇ ತರಗತಿಯ ಮಕ್ಕಳು ಸ್ವಲ್ಪ ಹೊತ್ತು ಒಬ್ಬರೇ ಇದ್ದು ಹೊರಗೆ ಬಂದ ಮೇಲೆ ಅವರ ಮನಸ್ಸು ಮೊದಲಿಗಿಂತ ಹಗುರವಾಗಿರುತ್ತಿತ್ತು. 5, 6ನೇ ತರಗತಿಯವರಲ್ಲಿ ಈ ಲಾಭ ಕಾಣಲಿಲ್ಲ. ತೀರಾ ಹೆಚ್ಚು ಹೊತ್ತು ಒಬ್ಬರೇ ಇರುವ ಮಕ್ಕಳಿಗೆ ಮಾತ್ರ ಅದು ಒಳ್ಳೆಯದಾಗಿರಲಿಲ್ಲ.

ಹಾಗಾಗಿ ಮಗು ರೂಮಿಗೆ ಹೋಗುವುದನ್ನು ನೋಡುತ್ತಾ ಕೂರಬೇಡಿ. ಹೊರಗೆ ಬಂದ ಅರ್ಧ ಗಂಟೆ ನೋಡಿ. ಅಡುಗೆಮನೆಗೆ ಬಂದು ಡಬ್ಬ ತಡಕಾಡಿ, ತಮ್ಮನ ತಲೆಗೊಂದು ಮೊಟಕಿ, "ತಿನ್ನೋಕೆ ಏನಿದೆ" ಅಂದರೆ ಅದು ಏಕಾಂತ. ಹೋದಾಗ ಇದ್ದ ಮುಖವೇ, ಇಲ್ಲ ಇನ್ನೂ ಸೊರಗಿದ ಮುಖ ಹೊರಗೆ ಬರುತ್ತಿದ್ದರೆ, ದಿನಾ ಹಾಗೇ ಆಗುತ್ತಿದ್ದರೆ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಎರಡು ವಾರ ಇಷ್ಟೇ ಕೆಲಸ.

*ಎಚ್ಚರ:* ಈ ಎರಡು ವಾರದಲ್ಲಿ ಮಗುವಿನ ಡೈರಿ ತೆಗೆದು ಓದಬೇಡಿ. ಸಿಕ್ಕಿಬಿದ್ದ ದಿನ ಮುಂದಿನ ಎಲ್ಲ ಹಂತಗಳೂ ಮುಗಿದ ಹಾಗೆ.

ಹಂತ 2: ವಯಸ್ಸಿನ ಪ್ರಕಾರ ನೋಡಿ

ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19 ವರ್ಷವನ್ನು ಹದಿಹರೆಯ ಅನ್ನುತ್ತದೆ. ಇದು ಒಂದೇ ಗೂಡೆಯಲ್ಲಿ ತುಂಬುವ ವಯಸ್ಸಲ್ಲ. ನಾನು ಮೂರು ಭಾಗ ಮಾಡುತ್ತೇನೆ. ನಮ್ಮ ರಾಜ್ಯದ ಶಾಲೆಗಳೂ ಬಹುತೇಕ ಇದೇ ಜಾಗಗಳಲ್ಲಿ ಮಕ್ಕಳನ್ನು ಕತ್ತರಿಸುತ್ತವೆ: 7ನೇ ತರಗತಿ ಮುಗಿದ ಮೇಲೆ ಹೈಸ್ಕೂಲು, ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಪಿಯು, ಪಿಯು ಮುಗಿದ ಮೇಲೆ ಇನ್ನೆಲ್ಲಿಗೋ. ಜೊತೆಗಾರರು ಚದುರಿಹೋಗುವುದು ಈ ಮೂರು ಗೆಣ್ಣುಗಳಲ್ಲಿ.

10ರಿಂದ 12. ಈ ವಯಸ್ಸಿನವರಿಗೆ ಒಂಟಿತನ ಅಂದರೆ ಪಕ್ಕದಲ್ಲಿ ಜನ ಇಲ್ಲದಿರುವುದು. ಆಟಕ್ಕೆ ಸೇರಿಸಿಕೊಂಡಿಲ್ಲ, ಬೆಂಚಿನಲ್ಲಿ ಜಾಗ ಬಿಟ್ಟಿಲ್ಲ, "ಅವಳು ನನಗೆ ಟೂ ಬಿಟ್ಟಿದ್ದಾಳೆ". ಅಮೆರಿಕದ ಮನೋವೈದ್ಯ ಹ್ಯಾರಿ ಸ್ಟ್ಯಾಕ್ ಸಲಿವನ್ ಹದಿಹರೆಯದ ಹೊಸ್ತಿಲಲ್ಲಿ ಮಗುವಿಗೆ ತನ್ನದೇ ಒಬ್ಬ ಜೀವದ ಗೆಳೆಯ ಬೇಕಾಗುತ್ತಾನೆ ಅಂದಿದ್ದರು. ಅಲ್ಲಿಯವರೆಗೆ ಗುಂಪಿನಲ್ಲಿ ಯಾರಿದ್ದರೂ ಆಗುತ್ತಿತ್ತು. ಈಗ ಅವನೇ ಬೇಕು, ಅವಳೇ ಬೇಕು. ಅದಕ್ಕೇ ಆ ಒಬ್ಬರು ಮಾತು ಬಿಟ್ಟರೆ ಪ್ರಪಂಚ ಮುಳುಗಿದ ಹಾಗೆ.

ಒಳ್ಳೆಯ ಸಂಗತಿ ಏನೆಂದರೆ, ಈ ವಯಸ್ಸಿನವರು ಇನ್ನೂ ಬಾಯಿಬಿಟ್ಟು ಹೇಳುತ್ತಾರೆ. "ನನ್ನ ಜೊತೆ ಯಾರೂ ಆಡಲ್ಲ" ಅಂತ ನೇರವಾಗಿ ಬರುತ್ತದೆ. ಆಗ "ನೀನೇ ಏನೋ ಮಾಡಿರಬೇಕು" ಅಂದುಬಿಟ್ಟರೆ 13ಕ್ಕೆ ನಿಮಗೆ ಏನೂ ಹೇಳುವುದಿಲ್ಲ.

13ರಿಂದ 15. ಮೂರರಲ್ಲಿ ತಿಳಿಯಲು ಕಷ್ಟವಾದ ವಯಸ್ಸು ಇದು. ಮಗು ಗುಂಪಿನ ನಡುವೆಯೇ ಇರುತ್ತದೆ. ಗ್ರೂಪ್ ಫೋಟೋದಲ್ಲಿ ನಗುತ್ತಿರುತ್ತದೆ. ಒಳಗೆ ಒಂಟಿ. ಈಗ ಲೆಕ್ಕಕ್ಕೆ ಬರುವುದು ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದಕ್ಕಿಂತ ಅವರ ಕಣ್ಣಲ್ಲಿ ನಾನು ಏನು ಅನ್ನುವುದು. ಡೇವಿಡ್ ಎಲ್ಕಿಂಡ್ ಎಂಬ ಮನಶ್ಶಾಸ್ತ್ರಜ್ಞ 1967ರಲ್ಲಿ ಇದಕ್ಕೆ "ಕಲ್ಪನೆಯ ಪ್ರೇಕ್ಷಕರು" ಅಂತ ಹೆಸರಿಟ್ಟರು. ಅಂದರೆ ಸದಾ ಒಂದು ಸಭೆ ತನ್ನನ್ನೇ ನೋಡುತ್ತಿದೆ ಅನಿಸುವುದು. ಮೂಗಿನ ಮೇಲಿನ ಒಂದು ಮೊಡವೆ ಇಡೀ ಊರಿಗೆ ಕಾಣುತ್ತಿದೆ ಅನಿಸುತ್ತದೆ. ಧ್ವನಿ ಒಡೆದ ಹುಡುಗ ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ.

ಹುಡುಗಿಯರ ಕಥೆಯಲ್ಲಿ ಇನ್ನೊಂದು ತಿರುವಿದೆ, ಅದನ್ನು ನಾವೇ ತರುತ್ತೇವೆ. ದೊಡ್ಡವಳಾದಳು ಅಂತ ಆರತಿ ಮಾಡಿ ಸಿಹಿ ಹಂಚುತ್ತೇವೆ. ಮರುವಾರದಿಂದ "ಇನ್ನು ಬೀದಿಯಲ್ಲಿ ಆಡಬೇಡ" ಶುರು. ನಿನ್ನೆಯವರೆಗೆ ಸೈಕಲ್ ತುಳಿಯುತ್ತಾ ಕೆರೆ ಏರಿವರೆಗೆ ಹೋಗುತ್ತಿದ್ದವಳಿಗೆ ಇವತ್ತು ಗೇಟೇ ಗಡಿ. ಓರಗೆಯ ಹುಡುಗರ ಜೊತೆ ಮಾತು ನಿಂತಿತು. ಇದನ್ನು ಯಾರೂ ನಷ್ಟ ಅಂತ ಲೆಕ್ಕ ಹಾಕುವುದಿಲ್ಲ. ನನ್ನ ಕೇಳಿದರೆ, ಈ ವಯಸ್ಸಿನ ಹುಡುಗಿ ಮಂಕಾಗಿದ್ದಾಳೆ ಅಂತ ಬಂದಾಗ ಮೊದಲು ನೋಡಬೇಕಾದ್ದು ಅವಳ ಓಡಾಟ ಎಷ್ಟು ಕಡಿಮೆಯಾಗಿದೆ ಅಂತ. ಮನಸ್ಸಿನ ಮಾತು ಆಮೇಲೆ.

ಹುಡುಗರದು ಇನ್ನೊಂದು ಥರ. ಅವರ ಆಟ ನಿಲ್ಲುವುದಿಲ್ಲ, ಸಂಜೆ ಕ್ರಿಕೆಟ್ ಇದ್ದೇ ಇದೆ. ಆದರೆ ಆ ಹನ್ನೊಂದು ಜನರಲ್ಲಿ ಒಬ್ಬನ ಹತ್ತಿರವೂ "ನನಗೆ ಭಯ ಆಗ್ತಿದೆ ಕಣೋ" ಅನ್ನುವಂತಿಲ್ಲ. ಅಂದರೆ ತಮಾಷೆ ಮಾಡುತ್ತಾರೆ. ಹಾಗಾಗಿ ಮೈದಾನದಲ್ಲಿರುವ ಮಗನಿಗೆ ಒಂಟಿತನ ಇಲ್ಲ ಅಂತ ನಿರ್ಧರಿಸಬೇಡಿ. ಇದರ ಮೇಲೆ ಹತ್ತನೇ ತರಗತಿ ಬಂದು ಕೂರುತ್ತದೆ. "ಈ ಒಂದು ವರ್ಷ ಆಟ ಬಿಡು" ಅಂತ ನಾವು ಅದನ್ನೂ ಕಿತ್ತುಕೊಳ್ಳುತ್ತೇವೆ.

16ರಿಂದ 19. ಇಲ್ಲಿ ಒಂಟಿತನ ಮತ್ತೆ ಬಣ್ಣ ಬದಲಾಯಿಸುತ್ತದೆ. "ಜನ ಇಲ್ಲ" ಅನ್ನುವುದೂ ಅಲ್ಲ, "ಏನಂದುಕೊಳ್ತಾರೋ" ಅನ್ನುವುದೂ ಅಲ್ಲ. "ನನ್ನನ್ನು ಅರ್ಥ ಮಾಡಿಕೊಳ್ಳೋರು ಒಬ್ಬರೂ ಇಲ್ಲ" ಅನ್ನುವುದು. ನಾನು ಯಾರು, ಏನಾಗಬೇಕು, ಯಾರನ್ನು ಇಷ್ಟಪಡುತ್ತೇನೆ ಅನ್ನುವ ಪ್ರಶ್ನೆಗಳೆಲ್ಲ ಒಟ್ಟಿಗೆ ಬರುತ್ತವೆ. ಜೊತೆಗಾತಿಗೆ ಹುಡುಗ ಸಿಕ್ಕಿದ್ದಾನೆ, ಅವಳ ಸಂಜೆಗಳಲ್ಲಿ ನನಗೆ ಜಾಗವಿಲ್ಲ. ತನ್ನ ಇಷ್ಟ ಬೇರೆಯವರ ಹಾಗಿಲ್ಲ ಅಂತ ಗೊತ್ತಾದ ಮಗುವಿಗೆ ಇದು ಇನ್ನೂ ಕಠಿಣ. ಅದನ್ನು ಹೇಳಿಕೊಳ್ಳಲು ಮನೆಯಲ್ಲೂ ಜಾಗವಿಲ್ಲ, ಕಾಲೇಜಿನಲ್ಲೂ ಇಲ್ಲ.

ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿ ಪಿಯು ಸೈನ್ಸ್‌ಗೆ ಬಂದ ಮಕ್ಕಳ ಬಗ್ಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಊರ ಶಾಲೆಯಲ್ಲಿ ಅವನೇ ಫಸ್ಟ್. ಇಲ್ಲಿ ಲೆಕ್ಚರರ್ ಇಂಗ್ಲಿಷಿನಲ್ಲಿ ಜೋಕ್ ಹೇಳಿದಾಗ ಎಲ್ಲರೂ ನಗುತ್ತಾರೆ, ಇವನು ಅರೆಕ್ಷಣ ತಡವಾಗಿ ನಗುತ್ತಾನೆ. ಆ ಅರೆಕ್ಷಣ ಇದೆಯಲ್ಲ, ಅದರಷ್ಟು ಒಂಟಿ ಜಾಗ ಇನ್ನೊಂದಿಲ್ಲ. ಮನೆಗೆ ಫೋನ್ ಮಾಡಿದರೆ "ಚೆನ್ನಾಗಿ ಓದ್ತಿದ್ದೀಯಾ, ಊಟ ಚೆನ್ನಾಗಿದೆಯಾ" ಎರಡೇ ಪ್ರಶ್ನೆ. ಎರಡಕ್ಕೂ "ಹೂಂ".

ಹತ್ತಕ್ಕೇ ಓದು ನಿಲ್ಲಿಸಿ ಗ್ಯಾರೇಜು, ಗಾರ್ಮೆಂಟ್ಸ್, ಅಂಗಡಿ ಸೇರಿದ ಮಕ್ಕಳನ್ನು ಇಂಥ ಲೇಖನಗಳು ಮರೆತೇಬಿಡುತ್ತವೆ. ಅವರ ಸುತ್ತ ಇರುವವರೆಲ್ಲ 30 ದಾಟಿದವರು. ಜೊತೆಗೆ ಓದಿದವರು ಯೂನಿಫಾರಂ ಹಾಕಿಕೊಂಡು ಎದುರಿಗೇ ಹೋಗುತ್ತಾರೆ, ಇವರು ಶಟರ್ ಎತ್ತುತ್ತಿರುತ್ತಾರೆ. ಅವರೂ ಹದಿಹರೆಯದವರೇ ಅಲ್ವಾ?

ಹಂತ 3: ಯಾರ ಕೊರತೆ?

ಇದು ಚಿಕ್ಕ ಹಂತ. ರಾಬರ್ಟ್ ವೈಸ್ ಎಂಬ ಸಮಾಜಶಾಸ್ತ್ರಜ್ಞ 1973ರಲ್ಲಿ ಒಂಟಿತನವನ್ನು ಎರಡಾಗಿ ಸೀಳಿದರು. ಒಂದು, ಸೇರಿಕೊಳ್ಳಲು ಗುಂಪಿಲ್ಲ. ಇನ್ನೊಂದು, ಗುಟ್ಟು ಹೇಳಲು ಒಬ್ಬರಿಲ್ಲ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ. ನೀವೇ ಮನಸ್ಸಿನಲ್ಲಿ ಎರಡು ಪ್ರಶ್ನೆ ಹಾಕಿಕೊಳ್ಳಿ: ಇವನು ಹೊಟ್ಟೆ ಹುಣ್ಣಾಗುವಂತೆ ನಗುವುದು ಯಾರ ಜೊತೆ? ಅಳಬೇಕಾದರೆ ಯಾರ ಹತ್ತಿರ ಹೋಗುತ್ತಾನೆ? ಮೊದಲನೆಯದಕ್ಕೆ ಹೆಸರು ಹೊಳೆಯದಿದ್ದರೆ ಗುಂಪು ಬೇಕು. ಎರಡನೆಯದಕ್ಕೆ ಹೊಳೆಯದಿದ್ದರೆ ಒಬ್ಬರು ಸಾಕು, ಗುಂಪು ಬೇಡ.

ಮೂರನೆಯದೊಂದಿದೆ, ಮೇಲೆ ಹೇಳಿದ ಲುವೆನ್ ಪ್ರಶ್ನಾವಳಿಯಲ್ಲಿತ್ತಲ್ಲ, ಅಪ್ಪ-ಅಮ್ಮನ ವಿಷಯದ ಒಂಟಿತನ. ನಾಲ್ಕೂ ಜನ ಒಂದೇ ಸೋಫಾದಲ್ಲಿ, ನಾಲ್ಕೂ ಕೈಯಲ್ಲಿ ಮೊಬೈಲು. ಇದನ್ನು ಓದುವಾಗ ಕಸಿವಿಸಿ ಆದರೆ ಹಂತ 4ಕ್ಕೆ ನೀವು ತಯಾರು.

ಹಂತ 4: ಮಾತು ತೆಗೆಯುವುದು

"ಬಾ ಇಲ್ಲಿ, ಕೂತ್ಕೋ, ನಿನ್ನ ಹತ್ತಿರ ಮಾತಾಡಬೇಕು" ಅಂದರೆ ಮಾತು ಅಲ್ಲಿಗೇ ಮುಗಿಯಿತು. ಎದುರುಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು ಈ ವಯಸ್ಸಿನವರಿಗೆ ಹಿಂಸೆ. ಇಬ್ಬರ ಕೈಗೂ ಕೆಲಸ ಇರಲಿ, ಕಣ್ಣು ಬೇರೆ ಕಡೆ ಇರಲಿ. ಬೈಕಿನ ಹಿಂದೆ ಕೂತಾಗ, ಬಟ್ಟೆ ಮಡಚುವಾಗ, ನೀರು ಬಂದಾಗ ಡ್ರಮ್ಮು ತುಂಬಿಸುವಾಗ. ನಮ್ಮ ಮನೆಯಲ್ಲಿ ಡಿಸೆಂಬರ್, ಜನವರಿ ಇದಕ್ಕೆ ಒಳ್ಳೆಯ ಕಾಲ. ನೆನೆಸಿದ ಅವರೆಕಾಳಿನ ರಾಶಿ ಮುಂದೆ ಹಾಕಿಕೊಂಡು ಹಿತಕುತ್ತಾ ಕೂತರೆ ಒಂದು ಗಂಟೆ ಯಾರೂ ಎದ್ದು ಹೋಗುವಂತಿಲ್ಲ. ಕಾಳು ಬೆರಳ ನಡುವಿಂದ ಚಿಮ್ಮುತ್ತದೆ, ಯಾರದೋ ಮುಖಕ್ಕೆ ಬಡಿಯುತ್ತದೆ, ನಗು ಬರುತ್ತದೆ. ಮೊದಲ ಅರ್ಧ ಕೆಜಿ ಮುಗಿಯುವವರೆಗೆ ಏನೂ ಕೇಳಬೇಡಿ.

ಪ್ರಶ್ನೆ ಸಣ್ಣದಾಗಿರಲಿ. "ಸ್ಕೂಲಲ್ಲಿ ಫ್ರೆಂಡ್ಸ್ ಇದ್ದಾರಾ?" ಅಂದರೆ "ಇದ್ದಾರೆ" ಅನ್ನದೆ ಇನ್ನೇನು ಅನ್ನಬೇಕು? "ಇವತ್ತು ಊಟಕ್ಕೆ ಯಾರ ಪಕ್ಕ ಕೂತಿದ್ದೆ?" ಅಂತ ಕೇಳಿ. ಇದು ನನಗೆ ಗೊತ್ತಿರುವ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ. ಶಾಲೆಯಲ್ಲಿ ಒಂಟಿತನ ಬಯಲಾಗುವುದು ಊಟದ ಹೊತ್ತಿನಲ್ಲಿ. ಪಾಠದ ಹೊತ್ತಿನಲ್ಲಿ ಎಲ್ಲರಿಗೂ ಒಂದು ಜಾಗ ಇರುತ್ತದೆ, ಗಂಟೆ ಬಾರಿಸಿದ ಮೇಲೆ ಇರುವುದಿಲ್ಲ. ಬಿಸಿಯೂಟದ ಸಾಲಿನಲ್ಲಿ ತಟ್ಟೆ ಹಿಡಿದು ಎಲ್ಲಿ ಕೂರಲಿ ಅಂತ ಕಣ್ಣಾಡಿಸುವ ಮಗುವನ್ನು ನೋಡಿದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಮನೆಯಿಂದ ಡಬ್ಬಿ ಒಯ್ಯುವ ಮಗುವಾದರೆ ಡಬ್ಬಿಯನ್ನೇ ನೋಡಿ. ಚಿತ್ರಾನ್ನ ಮುಟ್ಟದೇ ವಾಪಸ್ ಬಂದರೆ ತಪ್ಪು ಉಪ್ಪು-ಹುಳಿಯದೇ ಆಗಿರಬೇಕಿಲ್ಲ. ಒಬ್ಬಳೇ ಕೂತು ಡಬ್ಬಿ ಬಿಚ್ಚುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದಕ್ಕಿಂತ ಲೈಬ್ರರಿ ಕಡೆ ಹೋಗಿ ಹಸಿದುಕೊಂಡು ನಿಲ್ಲುವುದು ಸುಲಭ.

ಇನ್ನು, ಮಕ್ಕಳು "ಒಂಟಿತನ" ಅನ್ನುವ ಪದ ಬಳಸುವುದಿಲ್ಲ. "ಬೋರು", "ಬೇಜಾರು", "ಸುಮ್ನೆ", "ಮೂಡಿಲ್ಲ", "ಹೊಟ್ಟೆನೋವು, ನಾಳೆ ಸ್ಕೂಲಿಗೆ ಹೋಗಲ್ಲ" ಇವೆಲ್ಲ ಅದರದೇ ವೇಷಗಳಿರಬಹುದು. "ಏನಿಲ್ಲ" ಬಂದಾಗ "ಏನಿಲ್ಲ ಅಂದ್ರೆ ಏನು?" ಅಂತ ಬೆನ್ನು ಹತ್ತಬೇಡಿ. "ಸರಿ, ಇದ್ದರೆ ಹೇಳು, ನಾನಿಲ್ಲೇ ಇರ್ತೀನಿ" ಅಂದು ಕಾಳು ಹಿತಕುವುದು ಮುಂದುವರಿಸಿ. ಉತ್ತರ ಮೂರು ದಿನ ಬಿಟ್ಟು ರಾತ್ರಿ ಹನ್ನೊಂದಕ್ಕೆ ಬರುತ್ತದೆ. ಅದಕ್ಕೂ ಕಾರಣವಿದೆ: ಈ ವಯಸ್ಸಿನಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಎಂಬ ಹಾರ್ಮೋನು ತಡವಾಗಿ ಒಸರಲು ಶುರುವಾಗುತ್ತದೆ. ನೀವು ತೂಕಡಿಸುವ ಹೊತ್ತಿಗೆ ಅವರು ಚುರುಕಾಗಿರುತ್ತಾರೆ. "ಈಗ ಮಲಗು, ಬೆಳಿಗ್ಗೆ ಮಾತಾಡೋಣ" ಅಂದರೆ ಬೆಳಿಗ್ಗೆ ಆ ಮಾತು ಇರುವುದಿಲ್ಲ.

*ಎಚ್ಚರ, ಎಲ್ಲರೂ ಬೀಳುವ ಗುಂಡಿಗಳು:*

"ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ." ಇತ್ತು, ಹೆಸರಿರಲಿಲ್ಲ ಅಷ್ಟೆ.

"ಪಕ್ಕದ ಮನೆ ಹುಡುಗಿ ನೋಡು, ಎಲ್ಲರ ಜೊತೆ ಹೇಗೆ ಬೆರೆಯುತ್ತಾಳೆ." ಇದಕ್ಕೆ ವಿವರಣೆ ಬೇಕಿಲ್ಲ.

ಮಗುವಿಗೆ ಹೇಳದೆ ಗೆಳತಿಯ ಅಮ್ಮನಿಗೆ ಫೋನ್ ಮಾಡುವುದು. ಇದನ್ನು ನಾನೇ ಮಾಡಿದ್ದೇನೆ. ಮರುದಿನ ಆ ಗೆಳತಿ ಇಡೀ ಕ್ಲಾಸಿನ ಮುಂದೆ "ನಿಮ್ಮಮ್ಮ ನಮ್ಮಮ್ಮನ ಹತ್ತಿರ ಅತ್ತರಂತೆ" ಅಂದಳು. ನನ್ನ ಮಗಳು ನನ್ನ ಹತ್ತಿರ ಸರಿಯಾಗಿ ಮಾತಾಡಲು ಎರಡು ತಿಂಗಳು ಹಿಡಿಯಿತು. ನಾನು ಅತ್ತಿರಲೂ ಇಲ್ಲ.

ಹಂತ 5: ವಯಸ್ಸಿಗೆ ತಕ್ಕ ಕೆಲಸ

10-12ರ ಮಗುವಿಗೆ ನೀವು ನೇರವಾಗಿ ಕೈ ಹಾಕಬಹುದು. ಒಬ್ಬರೇ ಒಬ್ಬರನ್ನು ಮನೆಗೆ ಕರೆಸಿ, ಒಂದು ಭಾನುವಾರ, ಎರಡು ಗಂಟೆ, ಒಂದು ಕೇರಂ ಬೋರ್ಡು. ದೊಡ್ಡ ಬರ್ತ್‌ಡೇ ಪಾರ್ಟಿ ಮಾಡಿ ಮೂವತ್ತು ಮಕ್ಕಳನ್ನು ಕರೆದರೆ ಒಂಟಿ ಮಗು ತನ್ನ ಪಾರ್ಟಿಯಲ್ಲೇ ಮೂಲೆ ಹಿಡಿಯುತ್ತದೆ. 7ನೇ ತರಗತಿ ಮುಗಿಯುತ್ತಿದ್ದರೆ ಹೈಸ್ಕೂಲು ಸೇರುವ ಮೊದಲೇ ಆ ಶಾಲೆಗೆ ಹೋಗುವ ಒಂದು ಮಗುವನ್ನು ಹುಡುಕಿ ಬೇಸಿಗೆ ರಜೆಯಲ್ಲೇ ಪರಿಚಯ ಮಾಡಿಸಿ. ಮೊದಲ ದಿನ ಗೇಟಿನಲ್ಲಿ ಒಂದು ಗೊತ್ತಿರುವ ಮುಖ ಸಾಕು.

13-15ಕ್ಕೆ ಕೈ ಹಾಕಬೇಡಿ, ಜಾಗ ಮಾಡಿಕೊಡಿ. ಇವರಿಗೆ "ಬಾ, ಫ್ರೆಂಡ್ ಮಾಡಿಕೋ" ಅನ್ನುವುದು ಅವಮಾನ. ಮಾತಾಡದೇ ಜೊತೆಗಿರಲು ಒಂದು ನೆಪ ಬೇಕು: ಕಬಡ್ಡಿ, ಡೊಳ್ಳು, ಯಕ್ಷಗಾನ ತರಗತಿ, ಚೆಸ್, ಸ್ಕೌಟ್ಸ್ ಮತ್ತು ಗೈಡ್ಸ್, ಎನ್‌ಸಿಸಿ, ಗಣೇಶನ ಪೆಂಡಾಲ್ ಕಟ್ಟುವುದು. ಆದಷ್ಟೂ ತನ್ನ ಶಾಲೆಯ ಹೊರಗಿನದಾಗಿರಲಿ. ಶಾಲೆಯಲ್ಲಿ ಒಮ್ಮೆ ಅಂಟಿದ ಅಡ್ಡಹೆಸರು ಅಲ್ಲಿಗೆ ಬರುವುದಿಲ್ಲ. ಹುಡುಗಿಯರ ಮನೆಯವರಿಗೆ: ಕಿತ್ತುಕೊಂಡ ಓಡಾಟದಲ್ಲಿ ಅರ್ಧವನ್ನಾದರೂ ವಾಪಸ್ ಕೊಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹುಡುಗಿಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಬೇರೆ ಶಾಲೆ ಸೇರಿದ ಹಳೆಯ ಗೆಳತಿಯ ಮನೆಗೆ ತಿಂಗಳಿಗೊಂದು ಭಾನುವಾರ ಹೋಗಿಬರಲು ಬೇಕಾದ್ದು ನಿಮ್ಮ ಒಪ್ಪಿಗೆ ಮಾತ್ರ.

16-19ಕ್ಕೆ ಬೇಕಾದ್ದು ತಾಳ್ಮೆ ಮತ್ತು ಒಂದು ಲೆಕ್ಕ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಹೊಸ ಊರಿಗೆ ಬಂದ ದೊಡ್ಡವರನ್ನೂ ಹೊಸದಾಗಿ ಕಾಲೇಜು ಸೇರಿದವರನ್ನೂ ಅಧ್ಯಯನ ಮಾಡಿ ಹೇಳಿದ್ದು ಹೀಗೆ: ಮುಖಪರಿಚಯ ಸಾಧಾರಣ ಗೆಳೆತನ ಆಗಲು ಜೊತೆಗೆ ಸುಮಾರು 50 ಗಂಟೆ ಕಳೆಯಬೇಕು, ಗೆಳೆಯ ಅನ್ನಲು 90, ಆಪ್ತ ಅನ್ನಲು 200 ದಾಟಬೇಕು. ಈಗ ನಮ್ಮ ಪಿಯು ಹಾಸ್ಟೆಲಿಗೆ ಬನ್ನಿ. ಬೆಳಿಗ್ಗೆ ಐದಕ್ಕೆ ಏಳಿಸಿ ರಾತ್ರಿವರೆಗೆ ಕೋಚಿಂಗ್, ಸ್ಟಡಿ ಅವರ್ ಅಂತ ಕೂರಿಸುವ ಕಡೆ ಹರಟೆಗೆ ಸಿಗುವುದು ದಿನಕ್ಕೆ ಅರ್ಧ ಗಂಟೆ. 50 ಗಂಟೆ ಆಗಲು 100 ದಿನ. ಜೂನ್ ಮೊದಲ ವಾರ ಸೇರಿದವನಿಗೆ ಸೆಪ್ಟೆಂಬರ್ ಮಧ್ಯದವರೆಗೆ "ಯಾರೂ ಇಲ್ಲ" ಅನಿಸಿದರೆ ಆಶ್ಚರ್ಯವೇ ಇಲ್ಲ. ಈ ಲೆಕ್ಕವನ್ನು ಮಗುವಿಗೇ ಹೇಳಿ. ನನ್ನಲ್ಲೇ ಏನೋ ದೋಷ ಇದೆ ಅಂದುಕೊಂಡ ಹುಡುಗನಿಗೆ ಇದು ಗಂಟೆಗಳ ಲೆಕ್ಕ ಅಂತ ಗೊತ್ತಾದರೆ ಅರ್ಧ ಭಾರ ಇಳಿಯುತ್ತದೆ.

ಹಾಸ್ಟೆಲಿಗೆ ಫೋನ್ ಮಾಡಿದಾಗ ಓದು, ಊಟ ಬಿಟ್ಟು ಮೂರನೆಯ ವಿಷಯ ಇಟ್ಟುಕೊಳ್ಳಿ. ಎಮ್ಮೆ ಕರು ಹಾಕಿತು, ಅಜ್ಜಿ ರಿಮೋಟ್ ಕಳೆದು ಫ್ರಿಜ್ಜಿನಲ್ಲಿ ಸಿಕ್ಕಿತು, ಇಂಥದ್ದು. ಆ ಮನೆಯಲ್ಲಿ ತನ್ನ ಜಾಗ ಇನ್ನೂ ಇದೆ ಅಂತ ಅವನಿಗೆ ಗೊತ್ತಾಗುವುದು ಇಂಥ ಮಾತಿನಿಂದ. ನೂರು ದಿನ ಕಳೆದರೂ ಬದಲಾಗದಿದ್ದರೆ, ಕಾಲೇಜು ಬಿಡಿಸುವ ಮಾತನ್ನು ತೆಗೆಯಲು ಹೆದರಬೇಡಿ. ಕಟ್ಟಿದ ಫೀಸು ಹೋದರೆ ಹೋಗಲಿ.

ಹಂತ 6: ಮೊಬೈಲು

ಎಲ್ಲದಕ್ಕೂ ಮೊಬೈಲೇ ಕಾರಣ ಅಂತ ಬೈಯುವವರ ಸಾಲಿಗೆ ನಾನು ಸೇರುವುದಿಲ್ಲ. ಹಾಸ್ಟೆಲಿನ ಹುಡುಗಿಗೆ ಹಳೆಯ ಗೆಳತಿಯ ವಾಯ್ಸ್ ಮೆಸೇಜ್ ಜೀವ ಉಳಿಸುವ ವಸ್ತು. ಆದರೆ ಒಂದು ಸಂಗತಿ ತಿಳಿದಿರಲಿ. ಮೊದಲೆಲ್ಲ ತನ್ನನ್ನು ಬಿಟ್ಟು ಹೋದದ್ದು ಮರುದಿನ ಗೊತ್ತಾಗುತ್ತಿತ್ತು, ಎಷ್ಟೋ ಸಲ ಗೊತ್ತೇ ಆಗುತ್ತಿರಲಿಲ್ಲ. ಈಗ ಐದು ಜನ ಪಾನಿಪುರಿ ತಿನ್ನುತ್ತಿರುವುದು ಆ ಕ್ಷಣದಲ್ಲೇ ಸ್ಟೇಟಸ್‌ನಲ್ಲಿ ಕಾಣುತ್ತದೆ. ಕ್ಲಾಸಿಗೊಂದು ವಾಟ್ಸಾಪ್ ಗ್ರೂಪ್ ಇರುತ್ತದೆ, ಅವಳೊಬ್ಬಳನ್ನು ಬಿಟ್ಟು ಇನ್ನೊಂದು ಗ್ರೂಪ್ ಇರುತ್ತದೆ. ಎರಡನೆಯದು ಇದೆ ಅಂತ ಅವಳಿಗೆ ಗೊತ್ತಿರುತ್ತದೆ.

ಸ್ವಂತ ಫೋನಿಲ್ಲದ ಮಕ್ಕಳದು ಬೇರೆ ಪಾಡು. ಅವರ ಗ್ರೂಪ್ ಅಮ್ಮನ ಫೋನಿನಲ್ಲಿರುತ್ತದೆ. ಅಮ್ಮ ರಾತ್ರಿ ಎಂಟಕ್ಕೆ ಕೊಡುವ ಹೊತ್ತಿಗೆ ಅಲ್ಲಿ ಇನ್ನೂರು ಮೆಸೇಜ್ ಓಡಿಹೋಗಿರುತ್ತವೆ, ಜೋಕು ಹಳತಾಗಿರುತ್ತದೆ. ಅಂಥ ಮಗುವಿಗೆ ಹೊತ್ತು ಗೊತ್ತುಮಾಡಿ, ಸಂಜೆ ಆರರಿಂದ ಆರೂವರೆ ಅವಳದು, ಆಗ ಇಣುಕಬೇಡಿ.

*ಎಚ್ಚರ:* ಮಗು ಮಂಕಾಗಿದೆ ಅಂತ ಮೊದಲ ಕೆಲಸವಾಗಿ ಫೋನ್ ಕಿತ್ತುಕೊಳ್ಳಬೇಡಿ. ಉಳಿದಿದ್ದ ಒಂದೇ ಎಳೆ ಅದಾಗಿರಬಹುದು. ರಾತ್ರಿ ಮಲಗುವಾಗ ಮಾತ್ರ ಎಲ್ಲರ ಫೋನೂ ಹಾಲ್‌ನಲ್ಲಿ, ನಿಮ್ಮದೂ ಸೇರಿ.

ಹಂತ 7: ಇದು ನಮ್ಮ ಕೈಮೀರಿದ್ದು ಅಂತ ಗೊತ್ತಾಗುವುದು

ಒಂಟಿತನ ಕಾಯಿಲೆಯಲ್ಲ. ಆದರೆ ಅದು ಬಹಳ ದಿನ ಕೂತರೆ ಖಿನ್ನತೆಗೆ ದಾರಿ ಮಾಡಬಹುದು. ಖಿನ್ನತೆ ಅಂದರೆ ಬರೀ ಬೇಜಾರಲ್ಲ, ಮನಸ್ಸಿನ ಜೊತೆ ನಿದ್ದೆ, ಹಸಿವು, ಶಕ್ತಿ ಎಲ್ಲವನ್ನೂ ಹಿಡಿಯುವ ಕಾಯಿಲೆ. ಎರಡು ವಾರ ದಾಟಿಯೂ ನಿದ್ದೆ, ಊಟ ಕೆಟ್ಟಿದ್ದರೆ, ಮೊದಲು ಇಷ್ಟವಿದ್ದ ಆಟ-ಪಾಟವೂ ಬೇಡವಾದರೆ, ಮಾರ್ಕ್ಸ್ ಒಮ್ಮೆಲೇ ಕುಸಿದರೆ, ಸೆಖೆಯಲ್ಲೂ ತುಂಬು ತೋಳಿನ ಅಂಗಿ ಬಿಚ್ಚದಿದ್ದರೆ (ಕೈಗೆ ತಾನೇ ಮಾಡಿಕೊಂಡ ಗಾಯ ಮುಚ್ಚಿಡಲು ಇರಬಹುದು), ತನ್ನ ಇಷ್ಟದ ವಸ್ತುಗಳನ್ನು ಯಾರ್ಯಾರಿಗೋ ಕೊಡುತ್ತಿದ್ದರೆ, "ನಾನಿಲ್ಲದಿದ್ರೆ ನಿಮಗೇ ಆರಾಮ" ಅಂದರೆ, ಕಾಯಬೇಡಿ.

ನೇರವಾಗಿ ಕೇಳಿ: "ಸಾಯಬೇಕು ಅಂತ ಅನಿಸ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ಹಾಗಾಗುವುದಿಲ್ಲ. ಹೌದು ಅಂದರೆ ಬೈಯಬೇಡಿ, ಅಳಬೇಡಿ, ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿರುವ ಮಾತ್ರೆ, ಹೊಲಕ್ಕೆ ತಂದ ಕ್ರಿಮಿನಾಶಕ ಅವತ್ತೇ ಬೀಗದೊಳಗೆ ಹೋಗಲಿ.

14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್, ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತಾಡಬಹುದು. ದೇಶದ ಇಡೀ ಜಾಲಕ್ಕೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಬೆನ್ನೆಲುಬು. ನೀವೂ ಮಾಡಬಹುದು, ಮಗುವೂ ಮಾಡಬಹುದು. ಮನೆಯಲ್ಲಿ ಅಥವಾ ಶಾಲೆಯಲ್ಲಿ ಯಾರಾದರೂ ಹಿಂಸೆ ಕೊಡುತ್ತಿದ್ದರೆ ಮಕ್ಕಳ ಸಹಾಯವಾಣಿ 1098. ಅಷ್ಟು ತುರ್ತಿಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ "ಸ್ನೇಹ ಕ್ಲಿನಿಕ್" ಎಲ್ಲಿ ಅಂತ ಕೇಳಿ. ಹದಿಹರೆಯದವರಿಗೆಂದೇ ಇರುವ ಆಪ್ತಸಮಾಲೋಚನೆ ಅದು. ಅಂದರೆ ತರಬೇತಿ ಪಡೆದವರು ಕೂರಿಸಿಕೊಂಡು ಮಾತು ಕೇಳುವುದು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗ.

ಕರೆದುಕೊಂಡು ಹೋಗುವಾಗ ಸುಳ್ಳು ಹೇಳಬೇಡಿ. "ಕಣ್ಣು ಟೆಸ್ಟ್‌ಗೆ" ಅಂತ ಹೊರಡಿಸಿ ಮನೋವೈದ್ಯರ ಬಾಗಿಲಲ್ಲಿ ನಿಲ್ಲಿಸಿದವರಿದ್ದಾರೆ. "ನಿನಗೆ ಕಷ್ಟ ಆಗ್ತಿದೆ, ನನಗೆ ಹೇಗೆ ಸಹಾಯ ಮಾಡಬೇಕು ಅಂತ ಗೊತ್ತಾಗ್ತಿಲ್ಲ, ಗೊತ್ತಿರೋರನ್ನ ಕೇಳೋಣ" ಅಷ್ಟು ಸಾಕು. ಒಳಗೆ ಹೋದ ಸ್ವಲ್ಪ ಹೊತ್ತಿಗೆ ಡಾಕ್ಟರು ಮಗುವಿನ ಜೊತೆ ಒಂಟಿಯಾಗಿ ಮಾತಾಡಬೇಕು ಅನ್ನಬಹುದು. ಅವರು ಎರಡನೇ ಸಲ ಹೇಳುವ ಮೊದಲೇ ಎದ್ದು ಹೊರಗಿನ ಬೆಂಚಿನ ಮೇಲೆ ಕೂರಿ. ವಾಪಸ್ ಬರುವಾಗ "ಏನೇನು ಹೇಳಿದೆ?" ಅಂತ ಕೇಳಬೇಡಿ. ದಾರಿಯಲ್ಲಿ ಬೇಕರಿ ಸಿಕ್ಕರೆ ಗಾಡಿ ನಿಲ್ಲಿಸಿ, ಪಫ್ಸ್ ಬೇಕಾ, ಬನ್ ಬೇಕಾ ಅಂತ ಕೇಳಿ.